ಬಟ್ಟಲಲ್ಲಿ ನೆನೆದ ರಿಂಗು

ಚಿತ್ರದುರ್ಗದ ಒಂದು ಶೇಂಗಾ ಎಣ್ಣೆ ಗಿರಣಿಯಲ್ಲಿ ನಾನು ಗುಮಾಸ್ತ. ಯಂತ್ರಗಳ ರಿಪೇರಿಗೆ ಫಿಟ್ಟರ್ ಒಬ್ಬರಿದ್ದಾರೆ. ಪಂಪಿಗೆ ಹಾಕುವ ರಬ್ಬರ್ ರಿಂಗು ಬಂದರೆ ಮೊದಲು ಕಿರುಬೆರಳಿಗೆ ತೊಡಿಸಿ ನೋಡುವರು, ಆಮೇಲೆ ಎಣ್ಣೆಯ ಬಟ್ಟಲಿಗೆ ಹಾಕುವರು. ಎಣ್ಣೆ ಕುಡಿದು ಉಬ್ಬುವ ರಬ್ಬರು ಪಂಪಿನಲ್ಲಿ ಬಾಳದು. "ಒಂದಿನ ನೆನೀಲಿ ಬಿಡ್ರಿ" ಎನ್ನುವುದು ಅವರ ಮಾತು.

ಸುಗ್ಗಿಯಲ್ಲಿ ಒಂದು ದಿನ ಪಂಪು ಸೋರಿ ನಿಂತಿತು. ನಾನೇ ಓಡಿಹೋಗಿ ಎರಡು ಅಂಗಡಿಗಳಿಂದ ಒಂದೊಂದು ರಿಂಗು ತಂದೆ. ಎರಡೂ ಬಟ್ಟಲು ಸೇರಿದವು.

"ಗಿರಣಿ ನಿಂತೈತೆ, ಇವ್ನು ರಿಂಗ್ ನೆನೆಸ್ತಾನೆ! ನೀನೇನ್ ನೋಡ್ತಾ ಕುಂತಿದೀಯ?" ಎಂದು ಗಿರಣಿಯ ಸಾಹುಕಾರರು ಎಲ್ಲರೆದುರು ನನ್ನ ಮೇಲೆ ಹರಿಹಾಯ್ದರು. ಸಿಟ್ಟಿನಲ್ಲಿ ರಾಜೀನಾಮೆ ಬರೆದು ಸಾಹುಕಾರರಿಗೆ ಕೊಡಲು ಹೊರಟೆ. ದಾರಿಯಲ್ಲಿ ಫಿಟ್ಟರ್ ಕಾಗದ ಇಸಿದುಕೊಂಡು ಓದಿದರು. ಮಡಿಸಿ, ಬಟ್ಟಲಿನ ಅಡಿಗಿಟ್ಟರು.

"ಒಂದಿನ ನೆನೀಲಿ ಬಿಡ್ರಿ."

ಮರುದಿನ ಬೆಳಿಗ್ಗೆ ರಿಂಗುಗಳನ್ನು ಎತ್ತಿ ಒರೆಸಿ, ಮತ್ತೆ ಕಿರುಬೆರಳಿಗೆ ತೊಡಿಸಿ ನೋಡಿದರು. ಒಂದು ಉಬ್ಬಿ ಸಡಿಲವಾಗಿ ಜಾರಿಬಿತ್ತು. ಇನ್ನೊಂದು ನಿನ್ನೆಯಂತೆಯೇ ಬಿಗಿಯಾಗಿತ್ತು. ಅದನ್ನು ತಿರುಚದೆ, ಬೆರಳಲ್ಲೇ ಒತ್ತುತ್ತಾ ಪಂಪಿನ ತೋಡಿನೊಳಗೆ ಕೂರಿಸಿದರು. ಪಂಪು ಶುರುವಾಯಿತು. ಒಂದು ಹನಿಯೂ ಸೋರಲಿಲ್ಲ.

ಬಟ್ಟಲಿನ ಅಡಿಯಲ್ಲಿ ನನ್ನ ಕಾಗದ ಎಣ್ಣೆ ಹೀರಿಕೊಂಡು ಕೂತಿತ್ತು. ಅವರು ಕೊಡಲಿಲ್ಲ, ನಾನೂ ಕೇಳಲಿಲ್ಲ.