ಅಳಿಸಿದ ಕರೆ

ಕಚೇರಿಯಲ್ಲಿ ನಾವೆಲ್ಲ ಅವರನ್ನು ಪೊರಕೆ ಅಕ್ಕ ಎನ್ನುತ್ತೇವೆ. ಅವರೂ ನಗುತ್ತಾರೆ. ಆಂಬುಲೆನ್ಸಿಗೆ ಬರುವ ಪ್ರತಿ ಕರೆಯ ಧ್ವನಿಯೂ ಸೇರುವ ಡೇಟಾಬೇಸನ್ನು ಹದಿನೆಂಟು ವರ್ಷದಿಂದ ಗುಡಿಸಿ, ಒಪ್ಪ ಮಾಡುತ್ತಿರುವವರು. ನಾನು ಫೋನ್ ಎತ್ತುವವಳು. ಬಾಯಿ ಜೋರು, ಎದೆ ಪುಕ್ಕಲು.

ಹನ್ನೊಂದು ವರ್ಷದ ಹಿಂದೆ ಅವರ ಯಜಮಾನರು ಎದೆನೋವೆಂದು ಮನೆಯಿಂದ ಫೋನ್ ಮಾಡಿದಾಗ ಎತ್ತಿದವಳೂ ನಾನೇ. ಗಾಡಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಕ್ಕ ಆ ಕರೆಯನ್ನು ಒಮ್ಮೆಯೂ ಕೇಳಲಿಲ್ಲ. ಎಲ್ಲಿ ಕೇಳಿಬಿಡುತ್ತಾರೋ ಎಂದು ನಾನು ದಿನಾ ಸತ್ತು ಹುಟ್ಟಿದೆ. ಹೆಡ್‌ಫೋನ್ ಏರಿಸಿದರೆ ಸಾಕು, ಮೊದಲು ಆ ಏದುಸಿರೇ ಕೇಳುತ್ತಿತ್ತು.

ಈ ಸಲ ಅಕ್ಕ ಹತ್ತು ವರ್ಷ ದಾಟಿದ ಕರೆಗಳನ್ನೆಲ್ಲ ಅಳಿಸಿ ಡೇಟಾಬೇಸನ್ನು ಹೊಸದಾಗಿ ಜೋಡಿಸಿದರು. ಸದ್ಯ, ಪೀಡೆ ತೊಲಗಿತು ಅಂದುಕೊಂಡೆ. ಎಲ್ಲಿ ತೊಲಗೀತು! ಡಿಸ್ಕ್ ತುಂಬಿದ್ದು ತುಂಬಿದಂತೆಯೇ ಇತ್ತು.

"ಅಷ್ಟೊಂದು ಅಳಿಸಿದ್ರಲ್ಲಮ್ಮ, ಜಾಗ ಯಾಕೆ ಬಂದಿಲ್ಲ?" ಸಾಹೇಬರು ರೇಗಿದರು.

"ಪಟ್ಟಿಯಿಂದ ತೆಗೆದಿದ್ದೀವಿ ಅಷ್ಟೇ ಸಾರ್. ಧ್ವನಿ ಇದ್ದಲ್ಲೇ ಇದೆ. ಫೈಲ್ ಕುಗ್ಗಿಸಿದ್ರೆ ಜಾಗ ಬರುತ್ತೆ. ಆಮೇಲೆ ಯಾರು ತಿಪ್ಪರಲಾಗ ಹಾಕಿದ್ರೂ ಹಳೇದು ಸಿಗಲ್ಲ."

"ಮತ್ತೆ ಕುಗ್ಗಿಸಿ! ಸಂಜೆಯೊಳಗೆ ಹೊಸ ಕರೆ ರೆಕಾರ್ಡ್ ಆಗೋದೇ ನಿಂತುಹೋಗುತ್ತೆ."

ಕುಗ್ಗಿಸುವ ಕೆಲಸವನ್ನು ಅಕ್ಕ ಆಗಲೇ ಮೂರು ದಿನ ಇವತ್ತು ನಾಳೆ ಎಂದು ತಳ್ಳಿದ್ದರು. ಯಾಕೆಂದು ನನಗೆ ಗೊತ್ತಿತ್ತು.

"ಮಾಡಿಬಿಡಿ ಅಕ್ಕ. ಇಟ್ಕೊಂಡು ಏನ್ಮಾಡ್ತೀರಿ?" ಎಂದೆ. ನಾಚಿಕೆಗೇಡು, ನನ್ನ ಬಚಾವಿಗೆ ಆಡಿದ ಮಾತದು.

"ಹುಡುಕಿದ್ರೆ ಇನ್ನೂ ಸಿಗುತ್ತೆ ಕಣೇ. ಆದ್ರೆ ಅವರ ದನೀಲಿ ಕೇಳೋ ಧೈರ್ಯ ನಂಗಿಲ್ಲ." ಕಣ್ಣೊರೆಸಿಕೊಂಡು ಕೀಲಿ ಒತ್ತಿದರು. ಎರಡು ಗಂಟೆ ಊಟ ಬಿಟ್ಟು ಇಬ್ಬರೂ ಪರದೆ ನೋಡುತ್ತಾ ಕೂತೆವು. ಕೊನೆಗೆ ಡಿಸ್ಕಿನ ಮೂರರಲ್ಲೊಂದು ಭಾಗ ಖಾಲಿಯಾಯಿತು. ಹೋದ ಜೀವ ಬಂದಂತಾಯಿತು ನನಗೆ.

ಅಕ್ಕ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. "ಇನ್ನು ಅದು ನಿನ್ನ ಹತ್ರ ಮಾತ್ರ ಇದೆ. ನಿನ್ನ ಬಾಯಿಂದ ಆದ್ರೆ ಕೇಳ್ತೀನಿ. ಏನಂದ್ರು, ಹೇಳು."

ಸುಳ್ಳು ನಾಲಿಗೆ ತುದಿಗೇ ಬಂದಿತ್ತು. ಹೇಳಲಾಗಲಿಲ್ಲ.

"'ನಮ್ಮವಳು ಅಲ್ಲೇ ಇದ್ದಾಳಲ್ಲ, ಒಂದ್ಸಲ ಫೋನ್ ಕೊಡಮ್ಮ' ಅಂದ್ರು ಅಕ್ಕ. ವಿಳಾಸ ಫೋನ್ ಮಾಡಿದವರ ಬಾಯಿಂದಲೇ ಬರ್ಬೇಕು ಅಂತ ನಿಯಮ ಅಲ್ವಾ? ಮೊದಲು ವಿಳಾಸ ಹೇಳಿ ಅಂದೆ. ಪೂರ್ತಿ ಹೇಳಿದ್ರು. ಆಮೇಲೆ ಮಾತಾಡಕ್ಕೆ ಉಸಿರಿರ್ಲಿಲ್ಲ."

ಅಕ್ಕ ಪರದೆ ಆರಿಸಿದರು.

"ನಮ್ಮನೇಲಿ ಎಷ್ಟು ಸಲ ಊಟ ಮಾಡಿದೀಯೇ," ಎಂದರು. "ವಿಳಾಸ ನಿಂಗೆ ಗೊತ್ತಿತ್ತಲ್ಲ."

ಗೊತ್ತಿತ್ತು.