ಅಲುಗಾಡಬ್ಯಾಡ್ರಿ

ನಿನ್ನೆ ನನ್ನ ಹಳೇ ವಿದ್ಯಾರ್ಥಿನಿ ಒಬ್ಬಾಕಿ ಮೊಬೈಲಿಗೆ ಒಂದು ಸಣ್ಣ ವಿಡಿಯೋ ಕಳಿಸಿದ್ಲು. ನಮ್ಮ ಜೀವಕೋಶದಾಗ ಆರ್‌ಎನ್‌ಎ ಅಂತ ಒಂದು ಅಣು ಐತಲ್ಲ, ಥೇಟ್ ನೂಲಿನ ಎಳಿ ಇದ್ದಂಗ, ಅದು ತನ್ನ ಮ್ಯಾಲ ತಾನ ಮಡಚಿಕೊಳ್ಳೋದು, ಬಿಚ್ಚಿಕೊಳ್ಳೋದು, ಮತ್ತ ಬ್ಯಾರೆ ಥರ ಮಡಚಿಕೊಳ್ಳೋದು ಒಂದ ಸವನ ನಡದಿತ್ತು. ಕೆಳಗ ಬರದಿದ್ಲು: "ಸರ್, ಹಿಂಗ ಅಲುಗಾಡೋದರಿಂದನ ಇದರ ಕೆಲಸ ನಡೀತೈತ್ರಿ. ನಿಂತರ ಕೆಲಸಾನೂ ನಿಂತಂಗ."

ನಾನೋ, ಅದನ್ನ ಜೀವಮಾನವೆಲ್ಲಾ ಕರಿಹಲಗಿ ಮ್ಯಾಲ ಬರದು, ಗಂಟಿ ಹೊಡದ ಕೂಡ್ಲೆ ಅಳಿಸಿ ಪಗಾರ ತಗೊಂಡ ಮಾಸ್ತರ. ನಾ ಬರದ ಚಿತ್ರ ಒಂದರೆ ಅಲುಗಾಡಿತ್ತೇನು? ನಗು ಬಂತು. ಕೇಳಾಕ ಮನಿಯಾಗ ಯಾರೂ ಇರಲಿಲ್ಲ, ಅದು ಬ್ಯಾರೆ ಮಾತು. ಕಣ್ಣು ಗ್ವಾಡಿ ಮ್ಯಾಲಿನ ಚಿಗವ್ವನ ಫೋಟೋಕ್ಕ ಹೋತು.

ಅವ್ವ ಹೋದ ಮ್ಯಾಲ ನನ್ನ ಸಾಕಿದಾಕಿ ಕಾಕಾನ ಹೆಂಡತಿ, ಈ ಚಿಗವ್ವ. ಐವತ್ತರ ದಶಕದ ಗಜೇಂದ್ರಗಡ, ಮನಿತುಂಬ ಮಗ್ಗದ ಸಪ್ಪಳ. ಆಕಿ ಸುಮ್ನ ಕೂಡೋ ಪೈಕಿ ಅಲ್ಲ. ರಾಟಿ ಮುಂದ ಕೂತು ಲಾಳಿಯೊಳಗ ಹಾಕೋ ಕಂಡಿಕಿಗೆ ನೂಲು ಸುತ್ತುವಾಗ ಬಲಗೈ ರಾಟಿ ತಿರುವತಿತ್ತು, ಎಡಗೈ ನೂಲಿನ ಜೋಡಿ ಹಿಂದ ಮುಂದ ಹೋಗತಿತ್ತು, ತಲಿ ಅದರ ತಾಳಕ್ಕ ತೂಗತಿತ್ತು. ಬೈಯೋದೂ ಅದ ತಾಳಕ್ಕ, ಮುದ್ದು ಮಾಡೋದೂ ಅದ ತಾಳಕ್ಕ. ನೂಲು ತುಸು ಸಡಲ ಬಿಟ್ಟರ ಸಾಕು, ತನ್ನ ಮ್ಯಾಲ ತಾನ ಸುರುಳಿ ಸುತ್ತಿಕೊಳ್ಳತಿತ್ತು. ಜೀವ ಐತಿ ಇದಕ್ಕ ಅಂತ ಆಕಿ ಬಿಡಸತಿದ್ಲು.

ಒಮ್ಮೆ ನರೇಗಲ್ಲಿನಿಂದ ಫೋಟೋ ತೆಗಿಯಾಂವ ಬಂದ. ಸೀರಿ ನೇಯೋ ಮನಿಯಾಗ ಆಕಿಗೆ ಉಡಾಕ ಒಂದು ಚಲೋ ಸೀರಿ ಇರಲಿಲ್ಲ ನೋಡ್ರಿ. ಮರುದಿನ ಸಾವಕಾರಗ ಕೊಡಬೇಕಾಗಿದ್ದ ಹೊಸಾ ಸೀರೀನ ಕಾಕಾ ತಗದು ಕೊಟ್ಟ. ಗಂಜಿ ಹಾಕಿದ್ದು, ನೆರಿಗಿ ಮುದುಡಿದರ ಸಾವಕಾರ ತಗೊಳ್ಳಂಗಿಲ್ಲ. ಚಿಗವ್ವ ಉಸರು ಬಿಗಿಹಿಡದು ಕೂತ್ಲು. ಫೋಟೋದಾವ ಬ್ಯಾರೆ, "ಅಲುಗಾಡಬ್ಯಾಡ್ರಿ" ಅಂದ. ಆಕಿ ಅಲುಗಾಡಲಿಲ್ಲ.

ಮುಂದ ಆಕಿ ಭಾಳ ದಿನ ಉಳೀಲಿಲ್ಲ. ಉಳದಿದ್ದು ಆ ಫೋಟೋ ಒಂದ. ಅದನ್ನ ನೋಡಿ ನೋಡಿ ನನಗ ಆಕಿ ಖರೇ ಮುಖಾನ ಮರತ ಹೋತು. ಇಷ್ಟು ವರ್ಷ ಯಾರೋ ಗುರ್ತಿಲ್ಲದ ಹೆಣಮಗಳಿಗೆ ದಿನಾ ಹೂವ ಏರಿಸೇನಿ ಅನಸತೈತಿ. ಇದರಷ್ಟು ಒಂಟಿತನ ಮತ್ತೊಂದಿಲ್ರಿ.

ನಿನ್ನೆ ವಿಡಿಯೋ ಮುಗದ ಮ್ಯಾಲ ಯಾಕೋ ಕೈ ಎತ್ತಿದೆ. ಬಲಗೈಲೆ ಇಲ್ಲದ ರಾಟಿ ತಿರುವಿದೆ, ಎಡಗೈಲೆ ಇಲ್ಲದ ನೂಲು ಬಿಟ್ಟೆ. ಮುದುಕಗ ಅರಳು ಮರಳು ಅಂತೀರೇನು, ಅನ್ರಿ. ತುಸು ಹೊತ್ತಿಗೆ ತಲಿ ತಾನ ತೂಗಾಕ ಹತ್ತಿತು. ಆ ತೂಗಾಟದಾಗ ಬಂದ್ಲು ಚಿಗವ್ವ. ಹಣಿ ಮ್ಯಾಲಿನ ಬೆವರು, ಹಲ್ಲಾಗ ಕಚ್ಚಿದ ಎಳಿ, ಎಲ್ಲಾ.

"ಉಂಡಿಯೇನಪಾ?" ಅಂದ್ಲು.

"ಇನ್ನೂ ಇಲ್ಲ ಬೇ," ಅಂದೆ. ಕೈ ನಿಲ್ಲಸಾಕ ಧೈರ್ಯ ಆಗಲಿಲ್ಲ.