ಗಿರಿಜಾಳ ಗಾಲಿಕುರ್ಚಿ ಮತ್ತೆ ನಡೆದದ್ದು

ಶ್ರಾವಣದ ಮೊದಲ ಸೋಮವಾರ ನನ್ನ ಹೆಂಡತಿ ಗಿರಿಜಾಳ ಬ್ಯಾಟರಿ ಗಾಲಿಕುರ್ಚಿ ನಿಂತುಹೋಯಿತು. ಸೊಂಟದ ಕೆಳಗೆ ಸ್ವಾಧೀನವಿಲ್ಲದ ಆಕೆ ಅಫಜಲಪುರದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಕುರ್ಚಿ ಮಾಡಿದ ಕಂಪನಿ ಮುಚ್ಚಿಹೋಗಿದೆ. ಅದನ್ನು ನಡೆಸುವ ಪ್ರೊಸೆಸರಿನೊಳಗಿನ ಪ್ರೋಗ್ರಾಂ ಹಾಳಾಗಿದೆ ಎಂದು ಕಲಬುರಗಿಯ ರಿಪೇರಿಯವರು ಕೈಚೆಲ್ಲಿದರು. ದಿನವೂ ಆಕೆಯನ್ನು ಎತ್ತಿ ಆಟೋದಲ್ಲಿ ಕೂರಿಸತೊಡಗಿದೆ. ಒಂದು ಸಂಜೆ ಆಕೆ, "ಹಿಂಗ ಎಷ್ಟು ದಿನ ಎತ್ತತೀರಿ? ನೌಕರಿ ಬಿಡ್ತೇನಿ" ಎಂದಳು. ನಾನು ಪತ್ರಿಕೆಗೆ ಸುದ್ದಿ ಬರೆಯುವವನು, ಪ್ರೊಸೆಸರಿನ ವಿಷಯ ನನಗೆ ತಿಳಿಯದು. ಮರುದಿನ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದ್ದು ಒಂದೇ: ಈಕೆ ಶಾಲೆ ಬಿಡದಂತಾಗಲಿ.

ನನ್ನ ತಂಗಿ ಶಿವಲೀಲಾ ಎಲೆಕ್ಟ್ರಾನಿಕ್ಸ್ ಉಪನ್ಯಾಸಕಿ. "ಅಣ್ಣಾ, ಇಂಥದೇ ಇನ್ನೊಂದು ಕುರ್ಚಿ ಸಿಕ್ಕರ ಅದರ ಪ್ರೋಗ್ರಾಂ ಓದಿಕೊಂಡು ಇದಕ್ಕ ಬರೀಬಹುದು" ಎಂದಳು. ಪ್ರೊಸೆಸರಿನೊಂದಿಗೆ ನೇರವಾಗಿ ಮಾತಾಡುವ ಡಿಬಗ್ಗರ್ ಎಂಬ ಸಣ್ಣ ಸಾಧನ ಅವಳಲ್ಲಿತ್ತು. ಅದನ್ನು ನಡೆಸುವ ತಂತ್ರಾಂಶ ಯಾರು ಬೇಕಾದರೂ ಉಚಿತವಾಗಿ ಬಳಸುವಂಥದ್ದು.

ವಿಚಾರಿಸಿದಾಗ ಅಂಥದೇ ಕುರ್ಚಿ ಆಳಂದದ ತೊಗರಿ ವ್ಯಾಪಾರಿ ಖಾದರ್ ಸಾಹೇಬರ ಬಳಿ ಇತ್ತು. ವಯಸ್ಸಾದವರು, ನಡೆಯಲಾರರು. ಬಿಚ್ಚಿದರೆ ಅದೂ ಕೆಡಬಹುದೆಂದು ಫೋನಿನಲ್ಲಿ ಮೊದಲೇ ಹೇಳಿದೆ. "ಕೆಟ್ಟರ ಮಂಚದ ಮ್ಯಾಲ ಕುಂತ್ರಾಯ್ತು. ಟೀಚರಮ್ಮ ಸಾಲಿಗೆ ಹೋಗಬೇಕಲ್ರಿ. ಬರ್ರಿ" ಎಂದರು.

ಭಾನುವಾರ ನಮ್ಮ ಕುರ್ಚಿಯ ಸರ್ಕೀಟ್ ಬೋರ್ಡನ್ನು ಚೀಲದಲ್ಲಿಟ್ಟುಕೊಂಡು ನಾನೂ ಶಿವಲೀಲಾಳೂ ಬಸ್ಸಿನಲ್ಲಿ ಹೋದೆವು. ಸಾಹೇಬರ ಕುರ್ಚಿ ಬಿಚ್ಚಿ, ಅದರ ಬೋರ್ಡಿನ ಲೋಹದ ಚುಕ್ಕೆಗಳ ಮೇಲೆ ಡಿಬಗ್ಗರಿನ ಪಿನ್ನುಗಳನ್ನು ಒತ್ತಿದ ಕೂಡಲೇ ಪ್ರೊಸೆಸರ್ ಉತ್ತರಿಸಿತು. ಪ್ರೋಗ್ರಾಂ ಲ್ಯಾಪ್‌ಟಾಪಿಗೆ ಬಂತು. ನಮ್ಮದಕ್ಕೆ ಒತ್ತಿದಾಗ ಮಾತ್ರ ಉತ್ತರವಿಲ್ಲ. ತಂತಿ ಬದಲಿಸಿದಳು, ವೇಗ ತಗ್ಗಿಸಿದಳು. ಮಧ್ಯಾಹ್ನ ಕಳೆಯಿತು. "ಚಿಪ್ಪೇ ಸತ್ತಿರಬೇಕಣ್ಣ" ಎಂದು ಕೈ ಬಿಟ್ಟಳು. ನಮ್ಮ ಬೋರ್ಡನ್ನು ಚೀಲಕ್ಕೆ ಹಾಕಲು ಎತ್ತಿಕೊಂಡೆ.

ಮಂಚದ ಮೇಲಿಂದ ನೋಡುತ್ತಿದ್ದ ಸಾಹೇಬರು ಕೇಳಿದರು: "ನಿಮ್ಮದರ ಮ್ಯಾಲ ಬೆಳ್ಳಗ ಏನೈತ್ರಿ? ನಮ್ಮದರ ಮ್ಯಾಲ ಇಲ್ಲಲ್ಲ."

ಅದು ವಿಭೂತಿ. ಯಾವ ಯಂತ್ರ ಬಿಚ್ಚಿದರೂ ಮೊದಲು ನೀರಲ್ಲಿ ಕಲಸಿದ ವಿಭೂತಿ ಹಚ್ಚುವುದು ನಮ್ಮ ಮನೆಯ ರೂಢಿ. ಬೋರ್ಡಿಗೂ ಮೂರು ಬೆರಳು ಎಳೆದಿದ್ದೆ. ಅದು ಲೋಹದ ಚುಕ್ಕೆಗಳ ಮೇಲೆ ಒಣಗಿ ಕುಳಿತಿತ್ತು. ಸಾಹೇಬರ ಬೋರ್ಡಿಗೆ ಹಚ್ಚುವುದು ಸರಿಯಲ್ಲವೆಂದು ಬಿಟ್ಟಿದ್ದೆ.

"ಅಣ್ಣಾ, ಸರ್ಕೀಟಿಗೆ ಹಣಿ ಎಲ್ಲೈತಿ ಅಂತ ನಿನಗ ಯಾರು ಹೇಳಿದ್ರು?" ಎಂದಳು ಶಿವಲೀಲಾ.

ಒರೆಸಲು ನನ್ನ ಕೈ ಹಿಂಜರಿಯಿತು. ಸಾಹೇಬರ ಕಡೆ ನೋಡಿದೆ. "ಅದು ನೀವ ಹೇಳಬೇಕ್ರಿ, ನಾ ಹೇಳಂಗಿಲ್ಲ" ಎಂದರು. ಗಿರಿಜಾಗೆ ಫೋನ್ ಮಾಡಿದೆ. "ಒರಸ್ರಿ ಲಗೂನ. ಶಿವ ಅಷ್ಟ ಜಾಗಾದಾಗ ಕುಂತಿರ್ತಾನೇನು?" ಎಂದಳು.

ಸ್ಪಿರಿಟ್ ಹಚ್ಚಿ ಒರೆಸಿದೆ. ಪ್ರೊಸೆಸರ್ ಉತ್ತರಿಸಿತು. ಪ್ರೋಗ್ರಾಂ ಬರೆದಾಯಿತು. ಸಾಹೇಬರ ಕುರ್ಚಿ ಮೊದಲಿನಂತೆ ಜೋಡಿಸಿ, ಅವರು ಬಾಗಿಲವರೆಗೆ ಓಡಿಸಿ ನೋಡಿದ ಮೇಲೆಯೇ ಹೊರಟೆವು.

ರಾತ್ರಿಯೇ ಬೋರ್ಡನ್ನು ನಮ್ಮ ಕುರ್ಚಿಗೆ ಜೋಡಿಸಿದೆವು. ಸೋಮವಾರ ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಗಿರಿಜಾ ಓಣಿಯ ತಿರುವು ದಾಟಿದ್ದಳು. "ನೀವ್ಯಾಕ? ನಿಮ್ಮ ಕೆಲಸ ನೋಡಹೋಗ್ರಿ" ಎಂದು ಕೂಗಿದಳು.

ದೇವರ ಕೃಪೆಯೆಂದು ನಾನು ಹೇಳಿಕೊಂಡಾಗ, ಇದರಲ್ಲಿ ಕೃಪೆ ಎಲ್ಲಿದೆ, ಕೊಳೆ ಒರೆಸಿದಿರಿ ಅಷ್ಟೇ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಬೋರ್ಡಿನ ಮಟ್ಟಿಗೆ ಅವರ ಮಾತು ನಿಜ. ನಾನೂ ಹಾಗೆಯೇ ವರದಿ ಮಾಡುತ್ತೇನೆ. ಆದರೆ ನಡೆಯಲಾಗದ ಹಿರಿಯರೊಬ್ಬರು, ಮುಖ ಕಾಣದ ಒಬ್ಬ ಶಿಕ್ಷಕಿಗಾಗಿ ತಮ್ಮ ಕುರ್ಚಿಯನ್ನು ಬಿಚ್ಚಲು ಕೊಟ್ಟರು. ಆ ಮನಸ್ಸನ್ನು ಕೊಟ್ಟವನಿಗೆ ನಾನು ಶರಣು. ನಮ್ಮ ಮನೆಯ ಪೂಜೆಯಲ್ಲಿ ಈಗ ಖಾದರ್ ಸಾಹೇಬರ ಹೆಸರೂ ಬರುತ್ತದೆ.